ಇಲ್ಲದ ವಾಸನೆ

ಆ ಬೆಳಿಗ್ಗೆ ಇಂದುಮತಿ ದೀಕ್ಷಿತಳಿಗೆ ಮೊದಲು ಅನಿಸಿದ್ದು ತನಗೆ ನೆಗಡಿಯಾಗಿರಬೇಕು ಎಂದು.

ಚಹಾಕ್ಕೆ ನೀರಿಟ್ಟು ಒಲೆಯ ಗುಂಡಿ ತಿರುಗಿಸಿದ್ದಳು. ಕಿಡಿ ಹೊತ್ತಲಿಲ್ಲ. ಗ್ಯಾಸು ಸುಸ್ಸೆಂದು ಹೊರಬರುತ್ತಲೇ ಇತ್ತು. ಅಂಥ ಹೊತ್ತಿನಲ್ಲಿ ಎಲ್ಲರೂ ಮಾಡುವಂತೆ ಅವಳೂ ಮುಖ ಹಿಂದಕ್ಕೆಳೆದುಕೊಂಡಳು. ಕೊಳೆತ ಈರುಳ್ಳಿಯಂಥ ಆ ಪೈಪಿನ ಗ್ಯಾಸಿನ ವಾಸನೆ ಮೂಗಿಗೆ ಬಡಿಯಬೇಕಿತ್ತು. ಬಡಿಯಲಿಲ್ಲ.

ಗುಂಡಿ ಮುಚ್ಚಿ ಕಿಟಕಿ ತೆರೆದಳು. ಇಂಗಿನ ಡಬ್ಬಿ ತೆಗೆದು ಮೂಸಿದಳು. ಘಾಟು ನೆತ್ತಿಗೇರಿತು. ದೇವರ ಕೋಣೆಗೆ ಹೋಗಿ ಕರ್ಪೂರ ಮೂಸಿದಳು. ಅದೂ ಸ್ಪಷ್ಟವಾಗಿ ತಿಳಿಯಿತು. ಮೂಗು ಸರಿಯಾಗಿಯೇ ಇತ್ತು. ತಿರುಗಿ ಬಂದು, ಗುಂಡಿಯನ್ನು ಒಂದಿಷ್ಟೇ ಸರಿಸಿ ಬರ್ನರಿನ ಹತ್ತಿರ ಬಾಗಿದಳು. ಸದ್ದಿತ್ತು. ಕೆನ್ನೆಗೆ ತಣ್ಣನೆಯ ಗಾಳಿ ತಾಗಿತು. ವಾಸನೆ ಇರಲಿಲ್ಲ.

"ಮಾವನವರ, ಒಂಚೂರು ಇಲ್ಲೆ ಬರ್ತೀರೇನು?"

ನರಹರಿ ದೀಕ್ಷಿತರು ಪಡಸಾಲೆಯಿಂದ ಎದ್ದು ಬಂದರು. ಸಂಸ್ಕೃತ ಪಾಠಶಾಲೆಯಲ್ಲಿ ಮೀಮಾಂಸೆ ಹೇಳಿಕೊಟ್ಟು ನಿವೃತ್ತರಾದವರು. ಸೊಸೆ ಹೇಳಿದಂತೆ ಬಾಗಿ ಮೂಸಿದರು. ಮೂಗು ಒರೆಸಿಕೊಂಡು ಮತ್ತೊಮ್ಮೆ ಮೂಸಿದರು.

"ಏನೂ ಇಲ್ಲ," ಎಂದರು. "ಗ್ಯಾಸು ಬರ್ಲಿಕತ್ತದೋ ಇಲ್ಲೋ?"

"ಬರ್ಲಿಕತ್ತದ."

ಗ್ಯಾಸಿಗೆ ತನ್ನದೆಂಬ ವಾಸನೆ ಇಲ್ಲ. ಸೋರಿದರೆ ಜನಕ್ಕೆ ತಿಳಿಯಲೆಂದು, ಅದು ಊರೊಳಗೆ ಬರುವ ಗ್ಯಾಸ್ ಠಾಣೆಯಲ್ಲಿ ಒಂದು ನಾರುವ ದ್ರವವನ್ನು ಬೆರೆಸುತ್ತಾರೆ. ಸೋರಿಕೆ ಎಲ್ಲಿದೆ ಎಂದು ಊರಿಗೆ ಹೇಳುವುದು ಅದೊಂದೇ. ದೀಕ್ಷಿತರು ಗುಂಡಿಯನ್ನು ತಾವೇ ಮುಚ್ಚಿ, ಮುಚ್ಚಿದೆಯೆಂದು ಎರಡು ಸಲ ಮುಟ್ಟಿ ನೋಡಿದರು.

"ನೆಲದ ಮ್ಯಾಲ ಕೊಡ ಇಲ್ಲ ಅಂತ ಹೆಂಗ ತಿಳೀತದ, ಇಂದೂ? ಬೆಳಕದ, ಕಣ್ಣವ, ಕೊಡ ಇದ್ದಿದ್ರ ಕಾಣ್ತಿತ್ತು. ಕಾಣವಲ್ದು, ಅದಕ್ಕ ಇಲ್ಲ. ಅದs ಕತ್ತಲಿ ಕೋಣ್ಯಾಗ ನಿಂತು ಕೊಡ ಕಾಣವಲ್ದು ಅಂದ್ರ, ಕೊಡ ಇಲ್ಲ ಅಂತ ಆಗೂದಿಲ್ಲ."

ಇಂದುಮತಿ ಒಲೆಯನ್ನೇ ನೋಡುತ್ತಿದ್ದಳು. "ಹಂಗಾದ್ರ ಈಗ ಊರಿಗೆ ಊರs ಕತ್ತಲಿ ಕೋಣ್ಯಾಗ ಅದ, ಮಾವನವರ. ಎಲ್ಲೆರೆ ಸೋರ್ಲಿಕತ್ತಿದ್ರೂ ವಾಸನಿ ಬರೂದಿಲ್ಲ. ವಾಸನಿ ಬರವಲ್ದು, ಅದಕ್ಕ ಸೋರಿಕಿ ಇಲ್ಲ ಅಂತ ಎಲ್ಲಾರೂ ಆರಾಮ ಇದ್ದಾರ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳು ಫೋನಿನತ್ತ ನೋಡಿದಳು. ಮಗಳು ವಸುಧಾ ಹೊಸ ಬಡಾವಣೆಯ ನರ್ಸಿಂಗ್ ಹಾಸ್ಟೆಲಿನಲ್ಲಿದ್ದಳು. ಅಲ್ಲಿಗೆ ಗ್ಯಾಸಿನ ಪೈಪು ಹೋಗಿ ತಿಂಗಳೂ ಆಗಿರಲಿಲ್ಲ.

ಇಂಥ ವಿಷಯವನ್ನು ಯಾರಿಗಾದರೂ ಹೇಳುವುದು ಆ ನಗರದಲ್ಲಿ ಸುಲಭವಾಗಿರಲಿಲ್ಲ. ಸುಲಭವಾಗದಂತೆ ಮಾಡಿದವಳು ಇಂದುಮತಿಯೇ.

ಮಲಪ್ರಭೆಯ ದಂಡೆಗೆ ಹೊಸದಾಗಿ ಎದ್ದ ನಗರ ಅದು. ಕೆಲವು ವರ್ಷಗಳ ಹಿಂದೆ, ದೀಪಾವಳಿಯ ಸಂತೆಯ ದಿನ, ಮಾರುಕಟ್ಟೆಯ ಮೇಲೆ ಹಾದುಹೋದ ಸೇತುವೆ ಬೀಳುತ್ತಿದೆ ಎಂದು ಯಾರೋ ಅಂದರು. ಮಾತು ಫೋನಿನಿಂದ ಫೋನಿಗೆ ಹಾರಿತು. ಸೇತುವೆಗೆ ಏನೂ ಆಗಿರಲಿಲ್ಲ, ಅದು ಇವತ್ತಿಗೂ ನಿಂತಿದೆ. ಓಡಿದ ಜನರ ಕಾಲಡಿ ಸಿಕ್ಕು ಸತ್ತವರಲ್ಲಿ ಇಂದುಮತಿಯ ಗಂಡ ಶ್ರೀಧರನೂ ಇದ್ದ. ಮನೆಗೆ ಆಕಾಶಬುಟ್ಟಿ ತರಲೆಂದು ಹೋಗಿದ್ದ.

ಮಿದುಳಿನ ಅಧ್ಯಯನ ಅವಳ ಕೆಲಸ. ತಿಂಗಳುಗಟ್ಟಲೆ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಸೇತುವೆ ಬೀಳುತ್ತಿದೆ ಎಂದವರಲ್ಲಿ ಒಬ್ಬರಾದರೂ ಅದನ್ನು ನೋಡಿದ್ದರೇ? ಮಗನನ್ನು ಕಳೆದುಕೊಂಡ ಮಾವ ಮಾತು ಬಿಟ್ಟಿದ್ದರು. ಅವರನ್ನು ಮಾತಿಗೆಳೆಯಲೆಂದೇ ಅವಳು ಅವರ ಶಾಸ್ತ್ರದ ಬಾಗಿಲು ತಟ್ಟಿದಳು. ಒಂದು ಸಂಗತಿ ನಮಗೆ ಗೊತ್ತಿದೆ ಎನ್ನುತ್ತೇವಲ್ಲ, ಅದು ಎಲ್ಲಿಂದ ಬಂತು? ಕಂಡದ್ದು ಪ್ರತ್ಯಕ್ಷ. ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿದದ್ದು ಅನುಮಾನ. ಇದು ಅದರ ಹಾಗಿದೆ ಎಂದು ಹೋಲಿಸಿ ಗುರುತು ಹಿಡಿದದ್ದು ಉಪಮಾನ. ನಂಬಬಹುದಾದವರು ಹೇಳಿದ್ದರಿಂದ ತಿಳಿದದ್ದು ಶಬ್ದ. ದೀಕ್ಷಿತರ ಪಂಥದವರು ಇನ್ನೆರಡು ಸೇರಿಸುತ್ತಿದ್ದರು. ಹಗಲು ಉಣ್ಣದ ಮನುಷ್ಯ ದಪ್ಪಗಾಗುತ್ತಲೇ ಇದ್ದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬಂಥ ಅರ್ಥಾಪತ್ತಿ, ಮತ್ತು ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಅನುಪಲಬ್ಧಿ.

ಹೀಗೆ ಹುಟ್ಟಿದ್ದು ಮೂಲದರ್ಶಿ. ಹಣೆಗೆ ಕಟ್ಟಿಕೊಳ್ಳುವ ಪಟ್ಟಿ. ಒಂದು ಮಾತನ್ನು ಹೇಳುವ ಮೊದಲು ಮಿದುಳು ಕಣ್ಣೆವೆ ಬಡಿಯುವಷ್ಟು ಹೊತ್ತು ಆ ಮಾತು ಸಿಕ್ಕ ಜಾಗಕ್ಕೆ ಹೋಗಿಬರುತ್ತದೆ. ಕಂಡದ್ದಾದರೆ ನೋಟದ ಭಾಗ ಮಿಸುಕುತ್ತದೆ, ಕೇಳಿದ್ದಾದರೆ ಹೇಳಿದವರ ದನಿಯ ನೆರಳು ಹಾಯುತ್ತದೆ. ಮಾತು ನಿಜವೋ ಸುಳ್ಳೋ ಪಟ್ಟಿಗೆ ಗೊತ್ತಾಗದು, ಎಲ್ಲಿಂದ ಬಂತೆಂಬುದಷ್ಟೇ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ನಾಲ್ಕು ಪ್ರಮಾಣಗಳಿಗೆ ಗುರುತು ಸಿಕ್ಕಿತು. ಕೊನೆಯೆರಡಕ್ಕೆ ಸಿಗಲಿಲ್ಲ. ಸರ್ಕಾರ ಅವಸರ ಮಾಡುತ್ತಿತ್ತು. ನಾಲ್ಕಕ್ಕೇ ಯಂತ್ರ ಮುಗಿಯಿತು, ಆ ನಾಲ್ಕಕ್ಕೆ ಮುದ್ರೆ ಬೀಳುತ್ತಿತ್ತು. ಉಳಿದದ್ದಕ್ಕೆಲ್ಲ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ "ಮೂಲವಿಲ್ಲ" ಎಂದು ಬರುತ್ತಿತ್ತು.

ಕಾನೂನು ಬಂತು. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಿಕೊಳ್ಳಲಿ, ಆದರೆ ಹಲವರಿಗೆ ಒಟ್ಟಿಗೆ ಕಳಿಸುವ ಯಾವ ಎಚ್ಚರಿಕೆಯೂ ಮೂಲದರ್ಶಿಯ ಮುದ್ರೆ ಇಲ್ಲದೆ ಹೊರಡಬಾರದು. ಯಾವ ದೂರಿನ ಮೇಲೂ ಮುದ್ರೆ ಇಲ್ಲದೆ ನಗರದ ಕೇಂದ್ರ ಕೆಲಸ ಮಾಡಬಾರದು. ಗಾಳಿಮಾತು ನಿಂತಿತು. ಜನ ಮೊದಮೊದಲು ಒದ್ದಾಡಿದರು. "ನಮ್ಮ ಯಜಮಾನರು ಆಫೀಸಿನಾಗ ಅದಾರ" ಎಂದ ಹೆಂಗಸಿಗೆ ಪಟ್ಟಿ "ಅನುಮಾನ" ಎಂದು ತೋರಿಸಿ, ಮನೆಮನೆಗಳಲ್ಲಿ ರಂಪವಾಯಿತು. ಶಾಸ್ತ್ರದ ಅನುಮಾನವೇ ಬೇರೆ, ಸಂಸಾರದ ಅನುಮಾನವೇ ಬೇರೆ ಎಂದು ತಿಳಿಹೇಳಲಾಗದೆ ಇಲಾಖೆ ಆ ಶಬ್ದಗಳನ್ನೇ ತೆಗೆದು, ಕಂಡದ್ದು, ಊಹಿಸಿದ್ದು, ಹೋಲಿಸಿದ್ದು, ಕೇಳಿದ್ದು ಎಂದು ಬದಲಾಯಿಸಿತು. ಕ್ರಮೇಣ ಜನ ಪಟ್ಟಿ ಇಲ್ಲದಾಗಲೂ ಹಾಗೆಯೇ ಮಾತಾಡತೊಡಗಿದರು. "ನಾಳೆ ಮಳೆ ಬರ್ತದ" ಎಂದರೆ ಮಕ್ಕಳು ಕೂಡ "ಕಂಡದ್ದೋ, ಕೇಳಿದ್ದೋ?" ಎಂದು ಕೇಳುತ್ತಿದ್ದರು. ಹೇಳಿದವರು ಬಾಯಿ ಮುಚ್ಚುತ್ತಿದ್ದರು.

ಇಂದುಮತಿ ಪಟ್ಟಿ ಕಟ್ಟಿಕೊಂಡು ನಗರ ಕೇಂದ್ರಕ್ಕೆ ಫೋನು ಹಚ್ಚಿದಳು. ಎತ್ತಿಕೊಂಡದ್ದು ರೇಷ್ಮಾ ನದಾಫ. ಊರಿನ ನೀರು, ಕರೆಂಟು, ಗ್ಯಾಸಿನ ದೂರುಗಳನ್ನೆಲ್ಲ ಕೇಳುವವಳು ಅವಳೇ. ಅವಳ ದನಿ ಗೊತ್ತಿಲ್ಲದ ಮನೆ ಇರಲಿಲ್ಲ.

"ಹೇಳ್ರಿ ಮೇಡಮ್."

"ನಮ್ಮ ಮನಿಯೊಳಗ ಒಲಿ ಹಚ್ಚಿದ್ದೆ, ರೇಷ್ಮಾ. ಗ್ಯಾಸು ಬರ್ಲಿಕತ್ತದ."

"ಕಂಡದ್ದು ಅಂತ ಬಂತ್ರಿ. ಮುಂದ?"

"ಗ್ಯಾಸಿಗೆ ವಾಸನಿ ಇಲ್ಲ."

"ಮೂಲವಿಲ್ಲ ಅಂತ ಬರಾಕತ್ತೈತ್ರಿ ಮೇಡಮ್. ಇನ್ನೊಮ್ಮೆ ಹೇಳ್ರಿ."

ಇಂದುಮತಿ ಬೇರೆ ಬೇರೆ ರೀತಿ ಹೇಳಿ ನೋಡಿದಳು. ನಾನು ಮೂಸಿದೆ ಎಂದರೆ ಮುದ್ರೆ ಬೀಳುತ್ತಿತ್ತು. ವಾಸನೆ ಇರಲಿಲ್ಲ ಎಂದೊಡನೆ ಕೆಂಪಕ್ಷರ. ಇಲ್ಲದ ವಾಸನೆಯನ್ನು ಹುಡುಕಿ ಮಿದುಳು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರಿಂದ ಊರಿಗೆ ಅಪಾಯವಿದೆ ಎಂದಾಗ, ಮೂಲವಿಲ್ಲದ ಮಾತಿನ ಮೇಲೆ ನಿಂತ ಊಹೆ ಎಂದು ಯಂತ್ರ ದೂರನ್ನೇ ಮುಚ್ಚಿಬಿಟ್ಟಿತು.

"ನಾ ಏನ್ ಮಾಡ್ಲಿ ಹೇಳ್ರಿ," ರೇಷ್ಮಾ ಅಳುಕುತ್ತ ಅಂದಳು. "ಒಪ್ಪಿಗಿ ಇಲ್ಲದ ನನ್ನ ಕೈಯಾಗ ಬರೆಯಾಕೂ ಆಗೂದಿಲ್ರಿ. ಹಂಗ ನೋಡಿದ್ರ ಈ ವಾರ ಗ್ಯಾಸ್ ವಾಸನಿ ಬರತೈತಿ ಅಂತ ಒಂದೂ ದೂರು ಬಂದಿಲ್ರಿ. ಎಲ್ಲಾ ಚಲೋನs ಐತಿ."

ಅದನ್ನು ಕೇಳಿ ಇಂದುಮತಿ ಫೋನು ಇಟ್ಟಳು. ಇಷ್ಟು ದೊಡ್ಡ ಊರಿನಲ್ಲಿ ದಿನಕ್ಕೆ ಒಂದಾದರೂ ವಾಸನೆಯ ದೂರು ಬರುವುದು ರೂಢಿ. ಯಾರದೋ ರಬ್ಬರು ಸವೆದಿರುತ್ತದೆ, ಯಾರೋ ಗುಂಡಿ ಪೂರ್ತಿ ತಿರುಗಿಸಿರುವುದಿಲ್ಲ. ಒಂದೂ ಇಲ್ಲವೆಂದರೆ ಊರೆಲ್ಲ ಒಮ್ಮೆಲೇ ಜಾಣವಾಯಿತೇ?

ಮಗಳಿಗೆ ಫೋನು ಮಾಡಿದಳು.

"ವಸೂ, ಹಾಸ್ಟೆಲಿನ ಅಡಗಿಮನ್ಯಾಗ ಗ್ಯಾಸ್ ವಾಸನಿ ಬರ್ತದೇನು?"

"ಇಲ್ಲಮ್ಮಾ, ಒಂಚೂರೂ ಇಲ್ಲ. ಯಾಕ?"

"ಒಲಿ ಬಂದ್ ಮಾಡಸು. ಏನೂ ಹಚ್ಚಬ್ಯಾಡ್ರಿ. ನೀ ಹೊರಗ ಬಯಲಿಗೆ ಬಾ."

"ಬರೀ ನಾನs? ಉಳಿದವರು?"

ಹಾಸ್ಟೆಲಿನ ಮೆಟ್ಟಿಲು ಇಂದುಮತಿ ಕಂಡದ್ದೇ. ಇಬ್ಬರು ಒಟ್ಟಿಗೆ ಇಳಿಯಲಾಗದಷ್ಟು ಇಕ್ಕಟ್ಟು. ಗ್ಯಾಸು ಎಂದು ಒಬ್ಬಳು ಕೂಗಿದರೆ ಸಾಕು. ಶ್ರೀಧರನ ಅಂಗಿಯ ಮೇಲಿದ್ದ ಚಪ್ಪಲಿ ಗುರುತುಗಳು ಕಣ್ಣ ಮುಂದೆ ಬಂದವು.

"ಎಲ್ಲಾರಿಗೂ ಹೇಳು," ಎಂದಳು ಕೊನೆಗೆ. "ಆದ್ರ ಒದರಬ್ಯಾಡ. ಒಂದೊಂದು ಖೋಲಿಗೆ ಹೋಗಿ ಮೆಲ್ಲಗ ಹೇಳು. ಲೈಟು, ಫ್ಯಾನು ಹಚ್ಚೂದೂ ಬ್ಯಾಡ, ಆರಸೂದೂ ಬ್ಯಾಡ. ಓಡಬ್ಯಾಡ್ರಿ, ವಸೂ. ಯಾರೂ ಓಡಬ್ಯಾಡ್ರಿ."

"ಅಮ್ಮಾ, ನಿನಗ ಹೆಂಗ ಗೊತ್ತಾತು? ಕಂಡದ್ದೋ, ಕೇಳಿದ್ದೋ?"

"ಎರಡೂ ಅಲ್ಲ," ಎಂದಳು ಇಂದುಮತಿ. ಮಗಳು "ಆತು" ಎಂದಳು.

ಮಾವ ಸೊಸೆ ಇಬ್ಬರೂ ನಗರ ಕೇಂದ್ರಕ್ಕೆ ಹೊರಟರು. ದಾರಿಯುದ್ದಕ್ಕೂ ಊರು ಎಂದಿನಂತೆಯೇ ಇತ್ತು. ಚಹಾದಂಗಡಿಯ ಒಲೆ ಉರಿಯುತ್ತಿತ್ತು. ಒಂದು ಮದುವೆ ಮಂಟಪದ ಹಿಂದೆ ಅಡುಗೆಯವರು ದೊಡ್ಡ ಕೊಪ್ಪರಿಗೆ ಏರಿಸುತ್ತಿದ್ದರು. ಇಂದುಮತಿ ಪ್ರತಿ ಬೆಂಕಿಯನ್ನೂ ದಾಟಿದ ಮೇಲೆ ಹಿಂತಿರುಗಿ ನೋಡುತ್ತಿದ್ದಳು.

ಕೇಂದ್ರದ ಮುಖ್ಯಸ್ಥ ಚನ್ನವೀರ ಕೆಲಗೇರಿ ಗ್ಯಾಸಿನ ಕೆಲಸದಲ್ಲೇ ಕೂದಲು ನರೆಸಿಕೊಂಡ ಎಂಜಿನಿಯರು. ಮೂಲದರ್ಶಿಯ ತಾಯಿ ಎಂದು ಇಂದುಮತಿಯ ಮೇಲೆ ಅವರಿಗೆ ಗೌರವವಿತ್ತು. ಎದ್ದು ನಿಂತು ಕುರ್ಚಿ ಸರಿಸಿದರು. ಗೋಡೆಯಗಲದ ಪರದೆಯ ಮೇಲೆ ಊರಿನ ಪೈಪುಗಳೆಲ್ಲ ಹಸಿರಾಗಿ ಹರಡಿಕೊಂಡಿದ್ದವು.

"ನೋಡ್ರಿ ಮೇಡಮ್, ವಾಸನಿ ಎಣ್ಣಿ ಎಷ್ಟ್ ಹಾಕಬೇಕೋ ಅಷ್ಟs ಹಾಕಾಕತ್ತೀವಿ. ಒಂದು ಹನಿ ಕಡಿಮಿ ಇಲ್ಲ. ನಾನs ಮುಂಜಾನೆ ಠಾಣ್ಯಾಗ ನಿಂತು ನೋಡಿ ಬಂದೀನಿ. ಇದು ಕಂಡದ್ದು."

"ನಮ್ಮ ಒಲ್ಯಾಗ ಅದು ಬರವಲ್ದು, ಕೆಲಗೇರಿಯವರ."

"ನಿಮಗ ನೆಗಡಿ..."

"ಇಲ್ಲ."

ದೀಕ್ಷಿತರು ಮೆಲ್ಲನೆ ಕೇಳಿದರು. "ನಿಮ್ಮಲ್ಲಿ ಕ್ಯಾಂಟೀನ್ ಅದಲ್ಲ? ಅದಕ್ಕೂ ಇದs ಪೈಪು ಏನು?"

ಕೆಲಗೇರಿ ನಕ್ಕು, ಹಿರಿಯರ ಮನಸ್ಸಿಗೆ ಸಮಾಧಾನವಾಗಲೆಂದು ಎದ್ದರು. ಕ್ಯಾಂಟೀನಿನ ಒಲೆ ಆರಿಸಲು ಹೇಳಿ, ಕಿಟಕಿ ತೆಗೆಸಿ, ಗುಂಡಿ ತಿರುಗಿಸಿ ಬಾಗಿದರು. ಅವರ ಮುಖದ ನಗು ನಿಧಾನವಾಗಿ ಹೋಯಿತು. ಇನ್ನಷ್ಟು ಬಾಗಿದರು. ಗುಂಡಿ ಮುಚ್ಚಿದರು.

"ಹೊಸಾ ಪೈಪು," ಎಂದರು. "ಹೊಸಾ ಉಕ್ಕಿನ ಪೈಪು ವಾಸನಿ ಕುಡೀತಾವ. ಒಳಗಿನ ಗೋಡಿಗೆ ಹತ್ತಿ ಹೋಗತೈತಿ. ಓದಿದ್ದೆ. ಹೊಸ ಬಡಾವಣಿಗೆ ಎಳದ್ವಿ, ಆಮ್ಯಾಲ ಈ ಕಡೆ ಹಳೇ ಪೈಪೂ ತಗದು ಹೊಸಾವು ಹಾಕಿದ್ವಿ. ನಾವು ಹಾಕಿದ್ದೆಲ್ಲಾ ದಾರ್ಯಾಗs ಇಂಗಿ ಹೋಗಾಕತ್ತೈತಿ."

"ವಾಸನಿ ಇಲ್ಲ ಅಂದ ಮಾತ್ರಕ್ಕ ಸೋರಿಕಿ ಅದ ಅಂತ ಅಲ್ಲ," ಇಂದುಮತಿ ಅಂದಳು. ಅವಳಿಗೆ ಹಾಗೆ ಹೇಳಿಕೊಳ್ಳಬೇಕಿತ್ತು. "ಸೋರಿದ್ರ ತಿಳಿಯೂದಿಲ್ಲ, ಅಷ್ಟs."

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ರೇಷ್ಮಾ ಕೆಲಗೇರಿಯವರತ್ತ ನೋಡಿದಳು. "ಸರ್, ಆ ಲೆಕ್ಕ ಹೇಳಲೇನ್ರಿ?"

ಅವಳು ಹೇಳಿದ ಲೆಕ್ಕದಲ್ಲಿ ಠಾಣೆಯಿಂದ ಊರಿಗೆ ಹೋದ ಗ್ಯಾಸು ಹೆಚ್ಚಿತ್ತು. ಮನೆಗಳ ಮೀಟರುಗಳು ತೋರಿಸಿದ್ದು ಕಡಿಮೆ. ಹೊಸ ಬಡಾವಣೆ ಸೇರಿದಾಗಿನಿಂದ ಹಾಗೆ. ಪೈಪು ಹೊಸದು, ಅದು ತುಂಬಲು ಅಷ್ಟು ಹಿಡಿಯುತ್ತದೆ ಎಂದು ಕೇಂದ್ರದಲ್ಲಿ ಎಲ್ಲರೂ ಸುಮ್ಮನಾಗಿದ್ದರು.

"ತುಂಬಲಿಕ್ಕೆ ಎಷ್ಟು ದಿನಾ ಬೇಕ್ರಿ?" ದೀಕ್ಷಿತರು ಕೇಳಿದರು.

ಅದು ಒಂದೆರಡು ದಿನದ ಮಾತು ಎಂದು ಕೆಲಗೇರಿಗೆ ಗೊತ್ತಿತ್ತು.

"ಹಗಲು ಉಣ್ಣೂದಿಲ್ಲ, ಆದ್ರೂ ಮೈ ಬೆಳೀಲಿಕತ್ತದ," ದೀಕ್ಷಿತರು ತಮ್ಮಷ್ಟಕ್ಕೆ ಎಂಬಂತೆ ಅಂದರು. "ಎಲ್ಲೋ ಉಣ್ಣಲಿಕತ್ತದ."

ಪರದೆ ಹಸಿರಾಗಿಯೇ ಇತ್ತು. ಹೊಸ ಬಡಾವಣೆಯ ಕವಾಟ ಮುಚ್ಚುವ ಆದೇಶ ಹೊರಡಬೇಕಾದರೆ ಯಂತ್ರಕ್ಕೆ ಕಾರಣ ಹೇಳಬೇಕು. ಕೆಲಗೇರಿ ಪಟ್ಟಿ ಕಟ್ಟಿಕೊಂಡರು. "ಗ್ಯಾಸಿಗೆ ವಾಸನಿ ಇಲ್ಲ" ಎಂದರು. ಮೂಲವಿಲ್ಲ. "ಹೊಸ ಬಡಾವಣ್ಯಾಗ ಸೋರಾಕತ್ತೈತಿ" ಎಂದರು. ಮೂಲವಿಲ್ಲ. ದನಿ ಏರಿಸಿ ಹೇಳಿದರು. ಮೂರನೆಯ ಸಲಕ್ಕೆ, ಗಾಳಿಮಾತು ಹಬ್ಬಿಸಬೇಡಿ ಎಂಬ ಸೂಚನೆ ಬಂತು. ಅವರು ಪಟ್ಟಿ ಕಿತ್ತು ಮೇಜಿನ ಮೇಲೆ ಹಾಕಿದರು.

"ನನಗ ಗೊತ್ತೈತ್ರಿ, ಮೇಡಮ್," ಎಂದರು ಮಗುವಿನಂತೆ. "ನನಗ ಖರೇನ ಗೊತ್ತೈತಿ."

"ಹೌದ್ರಿ. ನಿಮಗ ಗೊತ್ತದ."

"ಕವಾಟಕ್ಕ ಕೈಲೆ ತಿರಗಸೂ ಗಾಲಿ ಒಂದೈತಿ. ಹೊಸ ಬಡಾವಣಿ ಬಾಯಾಗ, ತಗ್ಗಿನ್ಯಾಗ. ಅದಕ್ಕ ಯಾವ ಯಂತ್ರದ ಒಪ್ಪಿಗೀನೂ ಬೇಕಾಗಿಲ್ಲ." ಎಂದರು ಕೆಲಗೇರಿ. ಮುದ್ರೆ ಇಲ್ಲದೆ ಕವಾಟ ಮುಟ್ಟಿದವನಿಗೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. "ನನ್ನ ಮಗಳ ಮದವಿ ಐತ್ರಿ ಬರೂ ತಿಂಗಳ," ಎಂದು, ಯಾರ ಉತ್ತರಕ್ಕೂ ಕಾಯದೆ ಗಾಡಿಯ ಕೀಲಿ ತೆಗೆದುಕೊಂಡರು.

ಗ್ಯಾಸು ನಿಲ್ಲಿಸಿದರೆ ಸಾಲದು, ಈಗಾಗಲೇ ಸೋರಿ ಕೂತದ್ದು ಎಲ್ಲಿದೆಯೋ ಗೊತ್ತಿರಲಿಲ್ಲ. ಬಡಾವಣೆಯ ಜನ ಹೊರಗೆ ಬರಬೇಕು, ಆದರೆ ಓಡಬಾರದು. ಎಲ್ಲರಿಗೂ ಒಟ್ಟಿಗೆ ಹೇಳುವ ದಾರಿ ಮುಚ್ಚಿತ್ತು. ರೇಷ್ಮಾ ತನ್ನ ಫೋನು ತೆಗೆದಳು. "ಒಬ್ಬರಿಗೊಬ್ಬರು ಮಾತಾಡಾಕ ಮುದ್ರಿ ಬೇಕಾಗಿಲ್ಲಲ್ರಿ? ನಾ ಒಂದೊಂದು ಬಿಲ್ಡಿಂಗಿಗೂ ಹಚ್ಚತೀನಿ. ಅಜ್ಜಾರ, ನೀವೂ ಒಂದಿಷ್ಟು ಹಚ್ಚರಿ."

ಇಂದುಮತಿ ಕೆಲಗೇರಿಯ ಜೊತೆ ಹೊರಡುವಾಗ ಹಿಂದಿನಿಂದ ಆ ದನಿ ಕೇಳುತ್ತಿತ್ತು. "ಅಣ್ಣಾರ, ನಾ ರೇಷ್ಮಾ ನದಾಫ, ನಗರ ಕೇಂದ್ರದಿಂದ. ಹೌದ್ರಿ, ನೀರಿನ ರೇಷ್ಮಾನs. ಒಂದೊಂದು ಮನೀನs ಮೆಲ್ಲಕ ಹೊರಗ ಕರೀರಿ... ಇಲ್ರಿ, ಮುದ್ರಿ ಇಲ್ಲ. ನನ್ನ ಮಾತೈತಿ. ಇಷ್ಟ ವರ್ಷ ನಿಮಗ ಎಂದರ ಸುಳ್ಳ ಹೇಳೀನೇನ್ರಿ?"

ಕವಾಟದ ಗಾಲಿಗೆ ತುಕ್ಕು ಹಿಡಿದಿರಲಿಲ್ಲ, ಹೊಸದೇ. ಆದರೂ ಇಬ್ಬರೂ ಜೋತುಬಿದ್ದು ತಿರುಗಿಸಬೇಕಾಯಿತು. ಇಂದುಮತಿಯ ಅಂಗೈ ಸುಲಿಯಿತು. ಪೂರ್ತಿ ಮುಚ್ಚಿದಾಗ ಕೆಲಗೇರಿ ಗಾಲಿಯ ಮೇಲೇ ತಲೆಯಿಟ್ಟು ಉಸಿರೆಳೆದುಕೊಂಡರು. ರಸ್ತೆಯಾಚೆ ಜನ ಸಾಲಾಗಿ ಬಯಲಿಗೆ ಬರುತ್ತಿದ್ದರು. ಕೆಲವರು ಕೂಸುಗಳನ್ನು ಎತ್ತಿಕೊಂಡಿದ್ದರು, ಒಬ್ಬ ಮುದುಕಿ ಪಂಜರದ ಗಿಳಿ ಹಿಡಿದಿದ್ದಳು. ಹೆಚ್ಚಿನವರಿಗೆ ಸಿಟ್ಟು. ಮುದ್ರೆ ಎಲ್ಲಿದೆ ಎಂದು ಕೇಳುತ್ತಿದ್ದರು. ಒಂದು ಕಟ್ಟಡದಲ್ಲಿ ಮಾತ್ರ ಯಾರೋ "ಗ್ಯಾಸು!" ಎಂದು ಕೂಗಿಬಿಟ್ಟಿದ್ದರು. ಅಲ್ಲಿ ನೂಕಾಟವಾಗಿ ಮೆಟ್ಟಿಲಿನಿಂದ ಬಿದ್ದ ಹೆಂಗಸೊಬ್ಬಳನ್ನು ಹೊತ್ತು ತರುತ್ತಿದ್ದರು. ಅವಳು ನರಳುವ ಸದ್ದು ಇಂದುಮತಿಗೆ ಕೇಳುತ್ತಿತ್ತು. ತಾನು ಹೇಳಿದ್ದು ತಪ್ಪಾಗಿದ್ದರೆ?

ಹಾಸ್ಟೆಲಿನ ಹುಡುಗಿಯರು ಬಯಲಿನ ತುದಿಯಲ್ಲಿ ಕೂತಿದ್ದರು. ವಸುಧಾ ಎದ್ದು ಕೈಯೆತ್ತಿದಳು. ಇಂದುಮತಿ ಅವಳ ಹತ್ತಿರ ಹೋಗಲಿಲ್ಲ. ಕೆಲಗೇರಿ ಗಾಡಿಯಿಂದ ಗ್ಯಾಸು ಅಳೆಯುವ ಚಿಕ್ಕ ಯಂತ್ರ ತೆಗೆದು ಮನೆಮನೆಯ ಸುತ್ತ ನಡೆಯುತ್ತಿದ್ದರು, ಅವಳು ಅವರ ಹಿಂದೆ ನಡೆಯುತ್ತಿದ್ದಳು. ಮೊದಲ ಕಟ್ಟಡದಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಕೆಲಗೇರಿ ಅವಳ ಮುಖ ನೋಡುವುದನ್ನು ಬಿಟ್ಟರು. ಬಯಲಿನಿಂದ ಗೊಣಗಾಟ ಏರುತ್ತಿತ್ತು. ಒಬ್ಬ ಗಂಡಸು, "ಮೂಲದರ್ಶಿ ಮಾಡಿದಾಕಿನs ಗಾಳಿಮಾತು ಹಬ್ಬಸಾಕತ್ತಾಳ" ಎಂದು ಎಲ್ಲರಿಗೂ ಕೇಳುವಂತೆ ಅಂದ.

ಬಡಾವಣೆಯ ಕೊನೆಗೆ ಅಂಗನವಾಡಿ ಇತ್ತು. ಮಕ್ಕಳನ್ನು ಕಾರ್ಯಕರ್ತೆ ಅದಾಗಲೇ ಬೇವಿನ ಮರದ ಕೆಳಗೆ ಕೂಡಿಸಿ ಹಾಡು ಹೇಳಿಸುತ್ತಿದ್ದಳು. ಕಟ್ಟಡದ ಬದಿಯ ಉಗ್ರಾಣದ ಬಾಗಿಲ ಸಂದಿಗೆ ಕೆಲಗೇರಿ ಯಂತ್ರದ ಮೂತಿ ಹಿಡಿದರು. ಅದು ಕೀರಲು ದನಿಯಲ್ಲಿ ಕೂಗಿಕೊಂಡಿತು. ಮುಳ್ಳು ತುದಿಗೆ ಹೋಗಿ ನಿಂತಿತು.

ಅವರು ಇಂದುಮತಿಯ ತೋಳು ಹಿಡಿದು ಹಿಂದಕ್ಕೆಳೆದರು. ಒಳಗೆ ಕಾಳಿನ ಚೀಲಗಳ ನಡುವೆ ಹಾಲಿನ ಫ್ರಿಜ್ಜಿತ್ತು. ಅದು ತನ್ನಷ್ಟಕ್ಕೆ ಚಾಲೂ ಆಗುವಾಗ ಹಾರುವ ಒಂದು ಕಿಡಿ ಸಾಕು.

ಕಟ್ಟಡದ ಸ್ವಿಚ್ಚು ಮುಟ್ಟುವಂತಿರಲಿಲ್ಲ. ಬೀದಿಯ ಕಂಬದಿಂದಲೇ ಕರೆಂಟು ತೆಗೆಸಬೇಕು. ಕೆಲಗೇರಿ ದೂರ ಓಡಿ ಫೋನು ಹಚ್ಚಿದರು. ಲೈನ್‌ಮನ್ ಬರುವವರೆಗೆ ಇಂದುಮತಿ ಬೇವಿನ ಮರದಡಿಯ ಮಕ್ಕಳನ್ನು ಕೈಹಿಡಿದು ರಸ್ತೆಯಾಚೆ ದಾಟಿಸಿದಳು. ಯಾವ ಕ್ಷಣದಲ್ಲಾದರೂ ಬೆನ್ನ ಹಿಂದೆ ಸಿಡಿಯುತ್ತದೆ ಎಂದು ಕಾಯುತ್ತ ನಡೆಯುವುದು ಹೇಗಿರುತ್ತದೆ ಎಂದು ಅವಳು ಆಮೇಲೆ ಯಾರಿಗೂ ವಿವರಿಸಲಿಲ್ಲ. ಮಕ್ಕಳು ಹಾಡುತ್ತಲೇ ಇದ್ದವು. ಕೊನೆಗೆ ಕಂಬದ ಮೇಲಿನಿಂದ ಲೈನ್‌ಮನ್ ಕೈ ಬೀಸಿದ.

ಸಿಡಿಯಲಿಲ್ಲ. ಉಗ್ರಾಣದ ಬಾಗಿಲು ತೆಗೆದು, ಗಾಳಿ ಹಾಯಿಸಿ, ಸಂಜೆಯ ಹೊತ್ತಿಗೆ ನೆಲ ಅಗೆದಾಗ ಗೋಡೆಯ ಕೆಳಗೆ ಪೈಪಿನ ಬೆಸುಗೆ ಬಿಟ್ಟಿರುವುದು ಸಿಕ್ಕಿತು.

ಆಗ ವಸುಧಾ ಬಂದು ತಾಯಿಯನ್ನು ತಬ್ಬಿಕೊಂಡಳು. ಇಂದುಮತಿಗೆ ಅಳು ಬರಲಿಲ್ಲ. ಬಿದ್ದ ಹೆಂಗಸು ಹೇಗಿದ್ದಾಳೆ ಎಂದಷ್ಟೇ ಕೇಳಿದಳು. ತೊಡೆಯ ಎಲುಬು ಮುರಿದಿತ್ತು. ಮರುದಿನ ಆಸ್ಪತ್ರೆಗೆ ಹೋದಾಗ ಆ ಹೆಂಗಸಿನ ಗಂಡ ಇವಳನ್ನು ಒಳಗೆ ಬಿಡಲಿಲ್ಲ.

ಉಗ್ರಾಣದ ಗ್ಯಾಸು, ಬಿಟ್ಟ ಬೆಸುಗೆ ಎರಡೂ ಕಂಡದ್ದು ಎಂದು ಮುದ್ರೆ ಪಡೆದವು. ಆದರೂ ವಿಚಾರಣೆ ಮಳೆಗಾಲದವರೆಗೆ ಎಳೆಯಿತು. ಕೆಲಗೇರಿ ಅಮಾನತಿನಲ್ಲಿದ್ದರು. ಮುದ್ರೆ ಇಲ್ಲದೆ ಬಡಾವಣೆ ಖಾಲಿ ಮಾಡಿಸಿದ್ದಕ್ಕೆ ರೇಷ್ಮಾಳ ಮೇಲೂ ದೂರಿತ್ತು.

"ಅನಾಹುತ ಆಗಲಿಲ್ಲವಲ್ಲ," ವಿಚಾರಣಾಧಿಕಾರಿ ಇಂದುಮತಿಯನ್ನು ಕೇಳಿದರು. "ಆಗುತ್ತಿತ್ತು ಎಂಬುದಕ್ಕೆ ಏನು ಪ್ರಮಾಣ? ಕವಾಟ ಮುಟ್ಟುವ ಮೊದಲು ನಿಮಗೆ ಹೇಗೆ ಗೊತ್ತಾಯಿತು?"

ಅವಳ ಹಣೆಗೆ ಪಟ್ಟಿ ಕಟ್ಟಿದ್ದರು. ಅದನ್ನು ಹೇಳಿದರೆ ಕೆಂಪಕ್ಷರ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ಒಲೆ, ಮೂಗು, ಬಾರದ ದೂರುಗಳು, ಮೀಟರಿಗೆ ಸಿಗದ ಗ್ಯಾಸು. ಇಲ್ಲ ಎಂದ ಮಾತಿಗೆಲ್ಲ ಕೆಂಪು ಮಿಂಚುತ್ತಿತ್ತು. ಅಧಿಕಾರಿ ಮೊದಲು ಪಟ್ಟಿಯನ್ನು ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಅದನ್ನು ಬಿಟ್ಟು ಅವಳ ಮುಖ ನೋಡತೊಡಗಿದರು.

"ಯಂತ್ರ ತಪ್ಪೇ?" ಎಂದರು.

"ಯಂತ್ರ ತಪ್ಪಲ್ಲ, ಸರ್. ಅದಕ್ಕೆ ಕಾಣದ ಜಾಗ ಇದೆ. ಅಲ್ಲಿ ಮೂಲವೇ ಇಲ್ಲ ಅಂತ ನಾನು ಬರೆಸಿದ್ದೆ. ಅಲ್ಲಿಗೆ ಮನುಷ್ಯರು ಬೇಕು."

ಕೆಲಗೇರಿಗೆ ಕೆಲಸ ತಿರುಗಿ ಸಿಕ್ಕಿತು, ಆದರೆ ಒಂದು ಹುದ್ದೆ ಕೆಳಗೆ. ಮಗಳ ಮದುವೆಯನ್ನು ಗಂಡಿನವರು ಮುಂದಕ್ಕೆ ಹಾಕಿ, ಕೊನೆಗೆ ಸದ್ದುಗದ್ದಲವಿಲ್ಲದೆ ಮಾಡಿಕೊಂಡರು. ರೇಷ್ಮಾಳ ಮೇಲಿನ ದೂರು ಬಿದ್ದುಹೋಯಿತು. ಕಾನೂನಿಗೆ ಒಂದು ಸಾಲು ಸೇರಿತು. ಪಟ್ಟಿ ಮೂಲ ಕಾಣದಿದ್ದಾಗ ದೂರನ್ನು ಮುಚ್ಚುವಂತಿಲ್ಲ, ಕೇಂದ್ರದಲ್ಲಿ ಕುಳಿತವರೇ ಕೇಳಿ, ನಿರ್ಧರಿಸಿ, ತಮ್ಮ ಹೆಸರು ಹಾಕಬೇಕು. ಆ ಸಾಲಿಗೆ ಹೆದರಿ ಇಬ್ಬರು ಕೆಲಸ ಬಿಟ್ಟರು.

ಹೊಸ ಪದ್ಧತಿ ಜಾರಿಯಾದ ದಿನ ಇಂದುಮತಿ ಕೇಂದ್ರದಲ್ಲಿ ರೇಷ್ಮಾಳ ಪಕ್ಕ ಕುಳಿತಿದ್ದಳು. ಗಾಳಿಮಾತಿಗೆ ಮತ್ತೆ ಬಾಗಿಲು ತೆರೆದೆನೇ ಎಂಬ ಅಂಜಿಕೆ ಅವಳಿಗಿತ್ತು. ನೀರಿನ ದೂರು ಬಂತು, ಬೀದಿದೀಪದ ದೂರು ಬಂತು. ಎಲ್ಲಕ್ಕೂ ಮುದ್ರೆ ಬಿತ್ತು. ಮಧ್ಯಾಹ್ನ ಒಬ್ಬ ಮುದುಕನ ನಡುಗುವ ದನಿ ಬಂತು.

"ತಂಗೀ, ನಮ್ಮ ಮಗ್ಗಲ ಮನಿಯಾಕಿ ಇವತ್ತ ಅಂಗಳಕ್ಕ ನೀರು ಹೊಡದಿಲ್ಲವಾ. ಬಾಗಿಲಾ ಹಾಕೇ ಐತಿ. ಊರಿಗೆ ಹೋಗ್ಯಾಳ ಅಂತಾರ ಮಂದಿ. ನನಗ ಹಂಗ ಅನಸವಲ್ದು."

ಪರದೆಯ ಮೇಲೆ ಎರಡು ಉತ್ತರ ಬಂದವು. ಊರಿಗೆ ಹೋಗಿದ್ದಾಳೆ ಎಂಬುದು ಕೇಳಿದ್ದು. ಉಳಿದದ್ದಕ್ಕೆ ಮೂಲ ಕಾಣದು.

ರೇಷ್ಮಾಳ ಬೆರಳುಗಳು ಗುಂಡಿಯ ಮೇಲೆ ನಿಂತವು. ಅವಳು ಇಂದುಮತಿಯ ಕಡೆ ತಿರುಗಿದಳು. ಇಂದುಮತಿಗೂ ಗೊತ್ತಿರಲಿಲ್ಲ. ಆ ಹೆಂಗಸು ನಿಜವಾಗಿಯೂ ಊರಿಗೆ ಹೋಗಿರಬಹುದು. ಬಾಗಿಲು ಮುರಿದರೆ ನಾಳೆ ಹತ್ತು ಮಂದಿ ಬಯ್ಯಬಹುದು. ಮುರಿಯದಿದ್ದರೆ ಏನಾಗಬಹುದೋ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮುದುಕ ಆ ಕಡೆ ಕೆಮ್ಮಿದ. ಫೋನು ಇಟ್ಟುಬಿಡುತ್ತಾನೇನೋ ಎಂದು ಇಬ್ಬರಿಗೂ ಗಾಬರಿಯಾಯಿತು.

ರೇಷ್ಮಾ ಪರದೆಯನ್ನು ಪಕ್ಕಕ್ಕೆ ತಿರುಗಿಸಿಟ್ಟು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಫೋನ್ ಇಡಬ್ಯಾಡ್ರಿ ಅಜ್ಜಾ," ಎಂದಳು. "ಅಕಿ ದಿನಾ ಎಷ್ಟೊತ್ತಿಗೆ ಏಳ್ತಾಳ? ಮೊದಲಿಂದ ಹೇಳ್ರಿ, ನಾ ಕೇಳಾಕತ್ತೀನಿ."